ಓವರ್‌ಕ್ರೌಡೆಡ್‌ಗೆ ಒಂದು ಉದಾಹರಣೆ

“ಒಳಗೆ ಜಾಗ ಇಲ್ಲ ಕಣ್ರೀ!”

ಕಲ್ಯಾಣಿ ಬೋರ್ಡಿನಿಂದ ತಿರುಗಿ ಹೇಳಿದಳು. ಬಾಗಿಲಲ್ಲಿ ನಿಂತಿದ್ದವನ ಅಂಗಿಯ ತೋಳಿಗೆ ಹಿಪ್ಪುನೇರಳೆ ಸೊಪ್ಪಿನ ಚೂರು ಅಂಟಿಕೊಂಡಿತ್ತು.

“ನಿಂತ್ಕೊಂಡೇ ಕಲಿತೀನಿ ಮೇಡಂ,” ಎಂದ ಭಾನುಪ್ರಕಾಶ್.

ಅವನು ನೋಡಿದ ರೀತಿಗೆ ಅವಳಿಗೆ ಮುಂದಿನ ವಾಕ್ಯವೇ ಮರೆತುಹೋಯಿತು. ಇಂಗ್ಲಿಷ್ ಹೇಳಿಕೊಡುವವರಿಗೆ ಇದು ಒಳ್ಳೆಯ ಲಕ್ಷಣವಲ್ಲ.

ಶಿಡ್ಲಘಟ್ಟದ ಆ ಮಹಡಿ ಕೋಣೆಯಲ್ಲಿ ಕುರ್ಚಿ ಇಪ್ಪತ್ತು, ಕಲಿಯುವವರು ಇಪ್ಪತ್ತೊಂಬತ್ತು. ಕ್ಲಾಸು ಮುಗಿದ ಮೇಲೆ ಕಲ್ಯಾಣಿ ಹೋಗುತ್ತಿದ್ದದ್ದು ಮಾತ್ರ ತನ್ನೊಬ್ಬಳದೇ ಆದ ಬಾಡಿಗೆ ರೂಮಿಗೆ. ಗೌರಿಬಿದನೂರಿನಲ್ಲಿ ಎರಡು ಕೋಣೆಯ ಮನೆ, ಹನ್ನೊಂದು ಜನ. ಅವರ ನಡುವೆ ಬೆಳೆದವಳಿಗೆ ಕಾಲು ಚಾಚಿ ಮಲಗುವ ಸುಖ ಸಿಕ್ಕಿದ್ದೇ ಇಪ್ಪತ್ತೇಳನೇ ವಯಸ್ಸಿಗೆ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವೆಂದು, ಮದುವೆಯ ಮಾತೆತ್ತಿದ ಅಮ್ಮನಿಗೂ ಹೇಳಿಬಿಟ್ಟಿದ್ದಳು.

ಮೂರು ವಾರ ಅವನು ಕಿಟಕಿ ಪಕ್ಕ ನಿಂತೇ ಕಲಿತ. ಹೋಗುವಾಗ ಆಗಾಗ ಎಲೆಯಲ್ಲಿ ಸುತ್ತಿದ ಹಿಪ್ಪುನೇರಳೆ ಹಣ್ಣು ಮೇಜಿನ ಮೇಲಿಟ್ಟು ಹೋಗುತ್ತಿದ್ದ.

‘ಅಯ್ಯೋ, ಇದೆಲ್ಲ ಯಾಕೆ...’ ಎಂದುಕೊಳ್ಳುತ್ತಲೇ ಅವಳು ಒಂದನ್ನೂ ಬಿಡದೆ ತಿನ್ನುತ್ತಿದ್ದಳು.

ಆ ಮಂಗಳವಾರದ ಪದ ‘ಓವರ್‌ಕ್ರೌಡೆಡ್’.

“ಇರೋ ಜಾಗಕ್ಕಿಂತ ಜನ ಜಾಸ್ತಿ ಆದ್ರೆ ಹಾಗಂತಾರೆ. ವಾಕ್ಯ ಮಾಡಿ.”

ಎಲ್ಲರೂ ಬಸ್ಸನ್ನೇ ತುಂಬಿಸಿದರು. ಚಿಕ್ಕಬಳ್ಳಾಪುರದ ಬಸ್ಸು, ಚಿಂತಾಮಣಿಯ ಬಸ್ಸು, ಬೆಂಗಳೂರಿನ ಬಸ್ಸು.

“ಅವರ್ ವರ್ಮ್ಸ್ ಆರ್ ಓವರ್‌ಕ್ರೌಡೆಡ್,” ಎಂದ ರೇಷ್ಮೆ ಹುಳು ಸಾಕುವ ಭಾನುಪ್ರಕಾಶ್.

ಕ್ಲಾಸು ಗೊಳ್ಳೆಂದಿತು. ಕಲ್ಯಾಣಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ತಾನೂ ಒಂದು ಉದಾಹರಣೆ ಕೊಟ್ಟಳು. “ದಿಸ್ ಕ್ಲಾಸ್ ಈಸ್ ಓವರ್‌ಕ್ರೌಡೆಡ್!”

ಮರುದಿನದಿಂದ ಅವನು ಬರಲಿಲ್ಲ.

‘ನಾನು ನಗಬಾರದಿತ್ತು... ಎಷ್ಟು ನೊಂದುಕೊಂಡನೋ!’

ಅಷ್ಟು ಇಕ್ಕಟ್ಟಿನಲ್ಲೂ ಕಿಟಕಿ ಪಕ್ಕ ಬೇರೆ ಯಾರೂ ನಿಲ್ಲದಂತೆ ಅವಳು ನೋಡಿಕೊಂಡಳು. ರೂಮಿಗೆ ಹೋಗಿ ಕಾಲು ಚಾಚಿದರೆ ನಿದ್ದೆ ಬರಲಿಲ್ಲ. ಅವನು ಬೇಕೆನಿಸುತ್ತಿತ್ತು. ಹತ್ತು ದಿನ ತಡೆದು, ಭಾನುವಾರ ಬೆಳಿಗ್ಗೆ ಅವನ ಅಡ್ಮಿಷನ್ ಫಾರಂನಲ್ಲಿದ್ದ ಊರಿನ ಬಸ್ಸು ಹತ್ತಿದಳು.

ಹುಳುಮನೆಯ ಬಾಗಿಲಲ್ಲಿದ್ದ ಅವನ ತಾಯಿ ಆಂಜಿನಮ್ಮ ಯಾರು, ಏನು ಎಂದೂ ಕೇಳಲಿಲ್ಲ. “ಕೈ ತೊಳ್ಕೊಂಡು ಬಾಮ್ಮ. ಹುಳ ಹಣ್ಣಾಗವೆ, ಆಳು ಸಾಲ್ತಿಲ್ಲ!”

ಪೂರ್ತಿ ಬೆಳೆದು ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡುವ ದಿನ ಅದು. ಅವಳನ್ನು ಕಂಡ ಭಾನುಪ್ರಕಾಶ್ ಕೈಯಲ್ಲಿದ್ದ ಹುಳುವನ್ನು ಎಲ್ಲಿ ಬಿಡಬೇಕೆಂದೇ ಮರೆತ.

“ನಕ್ಕಿದ್ದಕ್ಕೆ ಇಷ್ಟೊಂದು ಕೋಪಾನಾ?” ಎಂದಳು ಕಲ್ಯಾಣಿ.

“ಕೋಪಾನಾ? ಕ್ಲಾಸು ಓವರ್‌ಕ್ರೌಡೆಡ್ ಅಂತ ನೀವೇ ಅಂದ್ರಲ್ಲ ಮೇಡಂ.”

“ಅದು ಉದಾಹರಣೆ ಕಣ್ರೀ!”

“ನಮ್ಮಲ್ಲಿ ಹುಳ ಒತ್ತೊತ್ತಾಯ್ತು ಅಂದ್ರೆ ಆಗ್ಲೇ ತೆಗೆದು ಬೇರೆ ತಟ್ಟೆಗೆ ಹಾಕ್ತೀವಿ. ಕ್ಲಾಸಿಗೆ ಕೊನೇಲಿ ಬಂದೋನು ನಾನು. ಅದಕ್ಕೇ ನಾನೇ ಜಾಗ ಬಿಟ್ಟೆ.”

ಕಲ್ಯಾಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಆಯಿತು. ತೋಳಿನಿಂದ ಕಣ್ಣೊರೆಸಿಕೊಂಡು ತಾನೂ ಹುಳು ಬಿಡತೊಡಗಿದಳು.

“ಅಯ್ಯೋ, ಒಂದೇ ಕಡೆ ಎರಡು ಬಿಡಬೇಡಿ!” ಎಂದ ಭಾನುಪ್ರಕಾಶ್. “ಎರಡೂ ಸೇರಿ ಒಂದೇ ಗೂಡು ಕಟ್ತವೆ. ನೂಲು ಸರಿಯಾಗಿ ಬಿಚ್ಚಲ್ಲ. ಮಾರ್ಕೆಟ್‌ನಲ್ಲಿ ಅಂಥದ್ದನ್ನ ಆರಿಸಿ ಪಕ್ಕಕ್ಕೆ ಹಾಕ್ತಾರೆ.”

“ಹುಳಗಳಿಗೇನಾದ್ರೂ ತೊಂದ್ರೆನಾ?”

“ಅವಕ್ಕೇನು... ಆರಾಮಾಗಿರ್ತವೆ.”

ಅವಳು ಒಟ್ಟಿಗೆ ಬಿಟ್ಟಿದ್ದ ಎರಡು ಹುಳುಗಳನ್ನು ಬೇರೆ ಮಾಡಲು ಅವನು ಕೈ ಚಾಚಿದ.

“ನಂದು ಒಂದೇ ರೂಮು,” ಎಂದಳು. “ಯಾರನ್ನೂ ಒಳಗೆ ಬಿಟ್ಕೊಂಡಿಲ್ಲ. ಈಗ ನೀವಿಲ್ದೆ ಬಿಕೋ ಅನ್ನುತ್ತೆ...”

ಅವನ ಕೈ ಅರ್ಧದಲ್ಲೇ ನಿಂತಿತು. “ಇಬ್ರಾದ್ರೆ... ಓವರ್‌ಕ್ರೌಡೆಡ್ ಆಗಲ್ವಾ ಮೇಡಂ?”

“ಕಲ್ಯಾಣಿ ಅನ್ನಿ. ಅರ್ಥ ಹೇಳ್ಕೊಟ್ಟಿದ್ದು ಮರೆತ್ರಾ? ಜಾಗಕ್ಕಿಂತ ಜನ ಜಾಸ್ತಿ ಆದ್ರೆ ಮಾತ್ರ. ನಾವು ಇಬ್ರೇ ಅಲ್ವಾ?”

ಹುಳುಗಳನ್ನು ಬೇರೆ ಮಾಡಲು ಚಾಚಿದ್ದ ಕೈಯನ್ನು ಭಾನುಪ್ರಕಾಶ್ ಹಿಂದಕ್ಕೆ ತೆಗೆದುಕೊಂಡ.

“ಇದೊಂದು ಹಂಗೇ ಇರ್ಲಿ, ಕಲ್ಯಾಣಿ,” ಎಂದ. “ಇದು ಮಾರೋಕಲ್ಲ.”