ಎರಡೂ ಕಡೆಯವರ ಒಪ್ಪಿಗೆ

"ನಮ್ಮ ಕಡೆಯವರೆಲ್ಲ ಒಪ್ಪಿ ಆಯ್ತು ಸಮರ್ಥ. ತಕರಾರೇನಿದ್ರೂ ನಿಮ್ಮ ಕಡೆಯವರದ್ದೇ," ಎಂದೆ ನಾನು.

"ಒಟ್ಟಿಗೆ ನಡೆಯುತ್ತೋ ಇಲ್ವೋ ಅಂತ ಅವ್ರಿಗೆ ಭಯ ಮಹತಿ. ಸ್ವಲ್ಪ ಟೈಮ್ ಕೊಡಿ."

ಹೆಬ್ಬಾಳದ ನಮ್ಮ ಆಫೀಸಿನ ಹಿಂದೆ ಟೀ ಅಂಗಡಿ ಇಟ್ಟಿರುವ ಅಕ್ಬರಿ ಆಂಟಿ ಲೋಟ ಕುಕ್ಕಿದರು. "ಏನ್ ಸಾರ್, ಈ ಹುಡುಗಿ ಮುಖ ನೋಡಿ, ಹೆಂಗ್ ಸೊರಗಿದೆ! ಇನ್ನೆಷ್ಟು ಕಾಯಿಸ್ತೀರಾ? ದೊಡ್ಡೋರು ಒಪ್ಲಿಲ್ಲ ಅಂದ್ರೆ ರಿಜಿಸ್ಟರ್ ಆಫೀಸ್ ಇಲ್ವಾ?"

ಅಯ್ಯೋ ರಾಮ! ನಾವು ಮಾತಾಡುತ್ತಿದ್ದದ್ದು ಆಪರೇಟಿಂಗ್ ಸಿಸ್ಟಮ್‌ನ ಹೊಟ್ಟೆಯೊಳಗಿನ ಕೋಡ್ ಬಗ್ಗೆ. ಯಾವ ಪ್ರೋಗ್ರಾಮಿನ ಮೆಮೊರಿ ಎಲ್ಲಿದೆ ಎಂದು ಪ್ರೊಸೆಸರ್‌ಗೆ ದಾರಿ ತೋರಿಸುವ ಪೇಜ್ ಟೇಬಲ್ ಕೋಡ್. ಆರ್ಮ್ ಚಿಪ್‌ಗೆ ನನ್ನ ತಂಡ ಒಂದು ಬರೆದಿತ್ತು, ರಿಸ್ಕ್-ಫೈವ್ ಚಿಪ್‌ಗೆ ಸಮರ್ಥನ ತಂಡ ಇನ್ನೊಂದು. ಮುಕ್ಕಾಲು ಪಾಲು ಎರಡೂ ಒಂದೇ. ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಹಾಯಾಗಿ ಕೂತಿರುತ್ತಿತ್ತು. ಎರಡನ್ನೂ ಸೇರಿಸಿ ಎಂದು ಮೇಲಿನವರು ಹೇಳಿದ ದಿನದಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ.

ಸೇರಿದ ಮೇಲೆ ನೋಡಿಕೊಳ್ಳಲು ಒಬ್ಬರು ಸಾಕು, ಅದು ಸಮರ್ಥ. ನಾನು ಎಲೆಕ್ಟ್ರಾನಿಕ್ ಸಿಟಿ ಆಫೀಸಿಗೆ. ಇಲ್ಲೇ ಹತ್ತಿರದ ಪುಟ್ಟೇನಹಳ್ಳಿಯಲ್ಲಿರುವ ಸಮರ್ಥನಿಗೆ ಊರಿನ ಆ ತುದಿ ಪರದೇಶವೇ.

ಆಂಟಿಗೆ ಅವನೇ ಹೇಳಲಿ ಎಂದು ನೋಡಿದೆ. ಟೀ ಮೇಲಿನ ಕೆನೆಯನ್ನು ಬೆರಳಲ್ಲಿ ಸರಿಸುತ್ತ, ಕಿವಿ ಕೆಂಪು ಮಾಡಿಕೊಂಡು, "ನೋಡೋಣ ಆಂಟಿ" ಎಂದುಬಿಟ್ಟ!

ಸರ್ವೀಸ್ ರೋಡಿಗೆ ಬಂದ ಮೇಲೆ ಕೇಳಿದೆ. "ಯಾಕ್ರೀ, ನಿಜ ಹೇಳೋಕೇನಾಗಿತ್ತು?"

"ಪೇಜ್ ಟೇಬಲ್ ಅಂದ್ರೆ ಆಂಟಿಗೆ ಅರ್ಥ ಆಗುತ್ತಾ?"

"ನನಗೆ ಆಗುತ್ತೆ. ನನಗೆ ಹೇಳಿ."

ಸ್ಕೈವಾಕ್ ಮೆಟ್ಟಿಲ ಹತ್ತಿರ ನಿಂತ. ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದ. "ನಮ್ಮ ಕಡೆಯವ್ರಿಗೆ ಯಾವ ತಕರಾರೂ ಇಲ್ಲ ಮಹತಿ. ಅವ್ರು ಯಾವಾಗಲೋ ಒಪ್ಪಿದ್ರು. ನಾನೇ ತಡೆದಿದ್ದು. ಮುಗಿದ್ರೆ ನೀವು ಹೊರಟುಹೋಗ್ತೀರಲ್ಲ."

ಮೈಯೆಲ್ಲ ಉರಿದುಹೋಯಿತು. ನಾನು ಸೇರಿಸಿ ಬರೆದ ಕೋಡ್‌ನಲ್ಲಿ ಇಲ್ಲೊಂದು ಸ್ಪೇಸ್ ಹೆಚ್ಚಾಯಿತು, ಈ ಹೆಸರು ಉದ್ದವಾಯಿತು, ಅಲ್ಲಿ ಫುಲ್‌ಸ್ಟಾಪ್ ಇಲ್ಲ. ಅವನು ಒಂದೊಂದು ಕೊಂಕು ತೆಗೆದಾಗಲೂ ಎರಡೂ ಚಿಪ್‌ಗಳ ಮೇಲೆ ಮೊದಲಿಂದ ಟೆಸ್ಟ್ ಓಡಿಸುತ್ತ ಕೂತವಳು ನಾನು. ನನ್ನ ಶನಿವಾರ, ಭಾನುವಾರಗಳೆಲ್ಲ ಹಾಗೇ ಹೋದವು.

"ನನಗೆ ಕೆಲಸಾನೇ ಬರಲ್ಲ ಅನ್ಕೊಂಡು ಅತ್ತಿದ್ದೀನಿ ಕಣ್ರೀ! ಇಷ್ಟ ಇದ್ರೆ ಬಾಯಿಬಿಟ್ಟು ಹೇಳ್ಬೇಕಪ್ಪಾ. ಫುಲ್‌ಸ್ಟಾಪ್ ಹುಡುಕ್ತಾರಾ ಯಾರಾದ್ರೂ?"

ಅವನ ಮುಖ ಸಣ್ಣದಾಯಿತು. ಮೆಟ್ಟಿಲ ಮೇಲೆ ಕೂತು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ಫೋನಿಂದ ನೆಟ್ ಹಾಕಿಕೊಂಡ. ನಾನು ನೋಡುತ್ತಿದ್ದಂತೆಯೇ ಒಪ್ಪಿಗೆಯ ಬಟನ್ ಒತ್ತಿದ. ಇಷ್ಟು ತಿಂಗಳು ಒಂದಾಗದ ಕೋಡ್ ಕ್ಷಣದಲ್ಲಿ ಒಂದಾಯಿತು.

"ಸಾರಿ. ತುಂಬಾ ದೊಡ್ಡ ತಪ್ಪು ಮಾಡ್ದೆ," ಎಂದ. "ಇನ್ನು ನಿಮ್ಮನ್ನ ತಡೆಯೋಕೆ ನನ್ನ ಹತ್ರ ಯಾವ ನೆಪಾನೂ ಇಲ್ಲ. ನೀವಂದ್ರೆ ನನಗಿಷ್ಟ ಮಹತಿ. ಉತ್ತರ ಕೊಡ್ಲೇಬೇಕು ಅಂತಿಲ್ಲ."

ಕೆಲಸ ಮುಗಿದ ಖುಷಿ ಬರಬೇಕಿತ್ತು, ಬರಲಿಲ್ಲ. ಜನ ನಮ್ಮನ್ನು ದಾಟಿಕೊಂಡು ಹತ್ತಿ ಇಳಿಯುತ್ತಿದ್ದರು. ಇವನ ಮೇಲೆ ಕೆಟ್ಟ ಕೋಪ ಬಂದಿತ್ತು. ಇವನಿಲ್ಲದ ಆಫೀಸು ನೆನೆಸಿಕೊಂಡರೆ ಅಳು ಬರುತ್ತಿತ್ತು. ಪಕ್ಕದಲ್ಲೇ ಕೂತೆ.

"ಸಮರ್ಥ."

"ಹೇಳಿ."

"ಕೋಪ ಇನ್ನೂ ಇಳಿದಿಲ್ಲ. ನಾಳೆ ಸರಿಯಾಗಿ ಬೈತೀನಿ. ಎಲೆಕ್ಟ್ರಾನಿಕ್ ಸಿಟಿಗೆ ಹೋದ್ಮೇಲೂ ದಿನಾ ಫೋನ್ ಮಾಡಿ ಬೈತೀನಿ. ಈಗ ತುಂಬಾ ಸುಸ್ತಾಗಿದೆ ಕಣೋ. ಭುಜ ಕೊಡು."

ಏಕವಚನ ಕೇಳಿ ಅವನು ಬೆಚ್ಚಿ ತಿರುಗಿದ್ದು ಗೊತ್ತಾಯಿತು. ನಾನಾಗಲೇ ಒರಗಿ ಕಣ್ಣು ಮುಚ್ಚಿದ್ದೆ.