ಈಶಪ್ಪನ ನಾಲ್ಕು ಅಗಲ ಟಾಯರು

1983ರ ಸೆಪ್ಟೆಂಬರ್ 13, ಮಂಗಳವಾರ. ಬೆಳಗ್ಗೆ 9.40ಕ್ಕೆ ಅಕ್ಕಿ ಗಿರಣಿಯ ಈಶಪ್ಪ ಹಳಿಯಾಳ ಠಾಣೆಗೆ ಬಂದ. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಅವನ ಮುಖ ನೋಡಿ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದು ಪಿಎಸ್‌ಐ ಚನಬಸಪ್ಪ ಟೋಪಿ ತೆಗೆದಿಟ್ಟ.

“ನಾಲ್ಕು ಟಾಯರ್ ಹೋದುವ್ರಿ ಸಾಹೇಬ್ರ” ಎಂದ ಈಶಪ್ಪ.

ಚನಬಸಪ್ಪ ಟೋಪಿಯನ್ನು ಮತ್ತೆ ಹಾಕಿಕೊಂಡ. ಹಳಿಯಾಳಕ್ಕೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಎಮ್ಮೆ, ಸಾಗವಾನಿ ತುಂಡು, ಸೈಕಲ್ಲು, ಒಮ್ಮೆ ಒಂದು ಬಾವಿಯ ರಾಟೆ, ಇವೆಲ್ಲ ಕಳುವಾದದ್ದನ್ನು ಕಂಡಿದ್ದ. ಟಾಯರಿಗಾಗಿ ಸೂತಕದ ಮುಖ ಹೊತ್ತು ಬಂದ ಗಂಡಸನ್ನು ಕಂಡದ್ದು ಇದೇ ಮೊದಲು. ಆದರೂ ದೂರು ದೂರೇ. ಹೆಡ್ ಕಾನ್‌ಸ್ಟೇಬಲ್ ಅಡಿವೆಯ್ಯ ಬರೆದುಕೊಂಡ. ಗುನ್ನಾ ನಂಬರ್ 61/83, ಕಟ್ಟಡದೊಳಗಿನ ಕಳವು, ಎಫ್‌ಐಆರ್ ದಾಖಲಾದ ವೇಳೆ 10.15.

ಕತೆ ಇಷ್ಟು. ಈಶಪ್ಪನ ಬಳಿ ಎರಡೇ ಸೀಟಿನ ಕೆಂಪು ವಿಲಾಯತಿ ಕಾರಿತ್ತು. ಹಿಂದಿನ ವರ್ಷ ಗೋವೆಯಿಂದ ತಂದದ್ದು. ಎಂಜಿನ್ ಶುರು ಮಾಡಿದರೆ ಪೇಟೆಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಹುಬ್ಬಳ್ಳಿಯ ಒಂದು ಮೋಟಾರ್ ಕ್ಲಬ್ಬು ಬರುವ ಭಾನುವಾರ, 18ನೇ ತಾರೀಖು, ಕಾರಿನ ಪಂದ್ಯ ಇಟ್ಟಿತ್ತು. ಹುಬ್ಬಳ್ಳಿಯಿಂದ ಹಳಿಯಾಳ, ದಾಂಡೇಲಿ, ಜೋಯಿಡಾ ದಾಟಿ, ಅಣಶಿ ಘಟ್ಟ ಇಳಿದು ಕಾರವಾರ ಮುಟ್ಟಬೇಕು. ಅದಕ್ಕಾಗಿ ಈಶಪ್ಪ ಎರಡು ತಿಂಗಳು ಟಾಯರಿನ ಪುಸ್ತಕಗಳನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದ. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ಹಿಂದೆ ಮುಂದೆ ನೋಡಿರಲಿಲ್ಲ ಎಂದು ಊರವರು ಆಡಿಕೊಂಡರು. ಕಡೆಗೆ ಮುಂಬಯಿಯಿಂದ ನಾಲ್ಕು ಟಾಯರು ತರಿಸಿದ. ಎರಡು ಅಂಗೈ ಅಗಲ, ಮೈ ಹೆಚ್ಚುಕಡಿಮೆ ನುಣುಪು, ಗೆರೆ ಬಲು ಕಡಿಮೆ. ಮಂಗಳವಾರ ಪೂಜೆ ಮಾಡಿ ಹಾಕಿಸುವುದೆಂದು ಗಿರಣಿಯ ಗೋದಾಮಿನಲ್ಲಿ ಕಾರಿನ ಪಕ್ಕದಲ್ಲೇ ಇಟ್ಟಿದ್ದ.

“ಯಾವಾಗ ಕಡೀಗೆ ನೋಡಿದ್ದು?”

“ರವಿವಾರ ಸಂಜಿಮುಂದ.”

“ಸೋಮವಾರ?”

“ಸೋಮವಾರ ಎತ್ತಿಗೆ ನೊಗ ಇಡೂದಿಲ್ಲಲ್ರಿ. ಭತ್ತದ ಗಾಡಿ ಬರೂದಿಲ್ಲ, ಗಿರಣಿ ತೆಗಿಯೂದಿಲ್ಲ.”

“ಯಾರ ಮ್ಯಾಲೆ ಸಂಶೆ?”

ಈಶಪ್ಪ ಹಿಂಜರಿದ. “ಜನ ಪಾವ್ಲೂನ ಹೆಸರು ಹೇಳ್ತಾರ. ನಾ ಹೇಳೂದಿಲ್ರಿ. ಅಂವ ನನ್ನ ಬಾಜೂ ಕೂಡಾಂವ.”

ಪಾವ್ಲು ಸಾಗವಾನಿ ಲಾರಿ ಓಡಿಸುವ, ಸಿದ್ದಿ ಜನಾಂಗದ ಯುವಕ. ಜೋಯಿಡಾ ಕಾಡಿನ ಪ್ರತಿ ತಿರುವೂ ಅವನಿಗೆ ಬಾಯಿಪಾಠ. ಪಂದ್ಯದಲ್ಲಿ ಚಾಲಕನ ಪಕ್ಕ ಕೂತು ಮುಂದಿನ ತಿರುವು ಹೇಳುವುದಕ್ಕೆ ಈಶಪ್ಪ ಅವನನ್ನೇ ಆರಿಸಿದ್ದ.

11.30ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಕೀಲಿ ಮುರಿದಿರಲಿಲ್ಲ. ಕೀಲಿಕೈ ಬಾಗಿಲ ಹಿಂದಿನ ಮೊಳೆಗೆ ತೂಗುತ್ತದೆಂಬುದು ಭತ್ತ ತರುವ ಪ್ರತಿ ರೈತನಿಗೂ ಗೊತ್ತಿತ್ತು. ಕಾರು ಹಳೆಯ ಟಾಯರುಗಳ ಮೇಲೆ ನಿಂತಿತ್ತು. ಅವು ಕಿರಿದಾದವು, ಆಳ ಗೆರೆಯವು. ಪ್ರತಿ ಗಾಲಿಯ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡ ಕಲ್ಲಿನ ಚೂರುಗಳ ಒಂದೊಂದು ಸಣ್ಣ ಗುಪ್ಪೆ ಬಿದ್ದಿತ್ತು.

“ಇದನ್ನೂ ಬರಕೋ” ಎಂದ ಚನಬಸಪ್ಪ.

“ಕಲ್ಲನ್ನೇನ್ರಿ?” ಅಡಿವೆಯ್ಯನಿಗೆ ನಗು ಬಂತು. “ಕೋರ್ಟಿನ್ಯಾಗ ನಗ್ತಾರ್ರಿ.”

“ನಗಲಿ. ಬರಿ.”

ಮರುದಿನ ದಾಂಡೇಲಿಯ ಮರದ ನಾಟಾ ಡಿಪೋದಲ್ಲಿ ಪಾವ್ಲು ಸಿಕ್ಕ. ಅಡಿವೆಯ್ಯ ಅವನ ತೋಳು ಹಿಡಿಯುವವನಿದ್ದ, ಚನಬಸಪ್ಪ ಕಣ್ಣಲ್ಲೇ ತಡೆದ.

“ಸೋಮವಾರ ಎಲ್ಲಿದ್ದಿ?”

“ಜೋಯಿಡಾದಾಗ. ಲೋಡ್ ತುಂಬ್ತಿದ್ದೆ. ಹಾಜರಿ ಪುಸ್ತಕ ನೋಡ್ರಿ.” ಪುಸ್ತಕದಲ್ಲಿ ಅವನ ಹೆಬ್ಬೆಟ್ಟಿತ್ತು, ಡಿಪೋ ಗುಮಾಸ್ತನ ಸಹಿಯೂ ಇತ್ತು. “ಟಾಯರ್ ಹೋದ್ರ ನನಗೇನು ಫಾಯದೆ ಸಾಹೇಬ್ರ? ಗೆದ್ದರ ಮಾಲಕರು ಪೇಪರಿನ್ಯಾಗ ನನ್ನ ಫೋಟೋನೂ ಹಾಕಸ್ತೇನಂದಾರ. ಮನ್ಯಾಗ ನನ್ನ ಹೇಣ್ತಿ ಕ್ರಿಸ್ತಿನಾ ಈಗಾಗ್ಲೇ ಅದಕ್ಕ ಚೌಕಟ್ಟು ತಂದಿಟ್ಟಾಳ.”

ಜೀಪಿನಲ್ಲಿ ಮರಳುವಾಗ ಚನಬಸಪ್ಪನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಆ ಅಳತೆಯ ಟಾಯರು ಈ ನಾಲ್ಕು ತಾಲೂಕಿನ ಬೇರೆ ಯಾವ ವಾಹನಕ್ಕೂ ಕೂಡುವುದಿಲ್ಲ, ಎತ್ತಿನ ಟಾಯರ್ ಗಾಡಿಗೂ ಕೂಡುವುದಿಲ್ಲ. ಕೊಯ್ದು ಚಪ್ಪಲಿ ಮಾಡಿದರೆ ದಣಿದ ಕೂಲಿಯೂ ಹುಟ್ಟುವುದಿಲ್ಲ. ಹಾಗಾದರೆ ಕದ್ದವನಿಗೆ ಟಾಯರು ಬೇಕಾಗಿರಲಿಲ್ಲ. ಅವು ಆ ಕಾರಿಗೆ ಏರದಿದ್ದರೆ ಅವನಿಗೆ ಸಾಕಾಗಿತ್ತು.

ಗುರುವಾರ ಮಧ್ಯಾಹ್ನ 3 ಗಂಟೆಗೆ ಅವನು ಬಸ್ ನಿಲ್ದಾಣದ ಹಿಂದಿನ ದಾವಲಸಾಬನ ಟಾಯರ್ ಅಂಗಡಿಗೆ ಹೋದ. ಈಶಪ್ಪನ ಕಾರಿನ ಗಾಲಿ ಕೆಲಸವೆಲ್ಲ ನಡೆಯುತ್ತಿದ್ದದ್ದು ಅಲ್ಲೇ. ದಾವಲಸಾಬನಿಗೆ ಐವತ್ತೈದರ ಸುಮಾರು. ಅವನೂ ಸಿದ್ದಿಯೇ. ಪಾವ್ಲು ಚರ್ಚಿಗೆ ಹೋಗುವವನು, ದಾವಲಸಾಬ ದರ್ಗಾಕ್ಕೆ ಹೋಗುವವನು, ಆದರೆ ಬಳಗ ಒಂದೇ.

“ಈಶಪ್ಪ ಆರಿಸಿದ ಟಾಯರ್ ಹೆಂಗಿದ್ದುವು?”

“ಭಾಳ ಚಲೋ ಇದ್ದುವ್ರಿ. ಒಣ ರಸ್ತಾದಾಗ ಅವಕ್ಕ ಸರಿಸಾಟಿ ಇಲ್ಲ. ನೆಲಕ್ಕ ಅಂಟಿಕೊಂಡ ಓಡ್ತಾವ.”

“ಮಳ್ಯಾಗ?”

ದಾವಲಸಾಬ ತಲೆ ಅಲ್ಲಾಡಿಸಿದ. “ಘಟ್ಟದಾಗ ರಸ್ತಾದ ಮ್ಯಾಲೆ ಕೆಂಪು ರಾಡಿ ಇಳೀತೈತ್ರಿ, ಅದರ ಮ್ಯಾಲೆ ನೀರು. ಕಿರಿದು ಗಾಲಿ ರಾಡಿ ಕೊಯ್ದು ಕೆಳಗಿನ ಡಾಂಬರ ಮುಟ್ಟತೈತಿ. ಅಗಲ ಗಾಲಿ ಮುಟ್ಟೂದಿಲ್ಲ, ನೀರಿನ ಮ್ಯಾಲ ತೇಲತೈತಿ. ಕಾರಿನ ತಾಕತ್ತು ಹೆಚ್ಚಿದ್ದಷ್ಟೂ ಲಗೂ ತೇಲತೈತಿ.”

“ಈಶಪ್ಪಗ ಹೇಳಿದ್ದಿ?”

“ಮೂರ ಸಲ ಹೇಳೇನ್ರಿ. ನಿನಗ ಎತ್ತಿನ ಗಾಡಿ ತಿಳೀತೈತಿ, ಇದು ತಿಳೀಯೂದಿಲ್ಲ ಅಂದ್ರು. ಪಾವ್ಲೂಗೂ ಹೇಳೇನಿ. ಅಂವ ನಕ್ಕ.”

ಮಾತಾಡುತ್ತಲೇ ದಾವಲಸಾಬ ಪೊಲೀಸ್ ಜೀಪಿನ ಮುಂದಿನ ಗಾಲಿಯ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಟಾಯರಿನ ಗೆರೆಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆಯುತ್ತಿದ್ದ. ಯಾರೂ ಹೇಳಿರಲಿಲ್ಲ. ಮಾತಿನ ನಡುವೆ ಕೆಲವರು ಮೀಸೆ ತಿರುವುತ್ತಾರೆ, ಇವನ ಕೈ ಟಾಯರಿಗೆ ಹೋಗುತ್ತಿತ್ತು. ಗಾಲಿಯ ಬುಡದಲ್ಲಿ ಚೂರುಗಳ ಸಣ್ಣ ಗುಪ್ಪೆಯಾಯಿತು. ಚನಬಸಪ್ಪ ಅದನ್ನು ನೋಡಿದ, ಅಡಿವೆಯ್ಯನೂ ನೋಡಿದ. ಈ ಸಲ ಅಡಿವೆಯ್ಯನಿಗೆ ನಗು ಬರಲಿಲ್ಲ.

“ಟಾಯರ್ ಎಲ್ಲ್ಯಾವ ದಾವಲಸಾಬ?”

ಅವನು ಎದ್ದು ನಿಂತು ಕೈ ಒರೆಸಿಕೊಂಡ. “ಅಂಗಡ್ಯಾಗ ಹುಡುಕ್ರಿ ಸಾಹೇಬ್ರ” ಎಂದ.

ಅಂಗಡಿಯಲ್ಲಿ ಏನೂ ಸಿಗಲಿಲ್ಲ. ಮಾಲು ಸಿಗದೆ ಬರೀ ಕಲ್ಲಿನ ಚೂರು ನಂಬಿ ಮನುಷ್ಯನನ್ನು ಹಿಡಿಯುವುದು ಚನಬಸಪ್ಪನಿಗೆ ಸೇರುವುದಿಲ್ಲ. ಟಾಯರಿನವನು ಕೈಗಾಡಿಯಲ್ಲಿ ಟಾಯರು ತಳ್ಳಿಕೊಂಡು ಹೋದರೆ ಹಾಡಹಗಲಲ್ಲೂ ಯಾರೂ ತಿರುಗಿ ನೋಡುವುದಿಲ್ಲ, ಅದು ಸರಿ. ಆದರೆ ಎಲ್ಲಿಗೆ ತಳ್ಳಿದ? ಅಂಗಡಿಯಿಂದ ಬಸ್ ನಿಲ್ದಾಣಕ್ಕೆ ಐವತ್ತು ಹೆಜ್ಜೆ. ಸೋಮವಾರದ ಬಸ್ಸುಗಳ ಲಗೇಜು ಲೆಕ್ಕ ತೆಗೆಸೆಂದು ಅಡಿವೆಯ್ಯನಿಗೆ ಹೇಳಿದ.

ಶುಕ್ರವಾರ ಸಂಜೆ ಅಡಿವೆಯ್ಯ ಏದುಸಿರು ಬಿಡುತ್ತ ಬಂದ. “ಸಾಹೇಬ್ರ, ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನ್ಯಾಗ ಇಂಥಾ ಕಳ್ಳನ್ನ ನೋಡಿಲ್ಲ. ಕದ್ದ ಮಾಲಿಗೆ ಲಗೇಜ್ ಟಿಕೇಟ್ ತಗಿಸ್ಯಾನ್ರಿ!”

ಸೋಮವಾರ ಮಧ್ಯಾಹ್ನದ ಮುಂಡಗೋಡ ಬಸ್ಸು. ಗೋಣಿ ಸುತ್ತಿದ ನಾಲ್ಕು ದುಂಡು ಸಾಮಾನು. ಕಂಡಕ್ಟರಿಗೆ ಚೆನ್ನಾಗಿ ನೆನಪಿತ್ತು. ಮಲಗಿಸಬೇಡ, ನಿಲ್ಲಿಸಿ ಕಟ್ಟು ಎಂದು ಆ ಮನುಷ್ಯ ತಾನೇ ಬಸ್ಸಿನ ಮೇಲೆ ಹತ್ತಿ ಹಗ್ಗ ಬಿಗಿದಿದ್ದನಂತೆ. ಮುಂಡಗೋಡದಲ್ಲಿ ಇಳಿದು ಪಾಳಾ ಎಂಬ ಹಳ್ಳಿಯ ಬಸ್ಸು ಕೇಳಿದನಂತೆ. ದಾವಲಸಾಬನಿಗೆ ಕದಿಯುವುದು ಗೊತ್ತಿರಲಿಲ್ಲ, ಸಾಮಾನು ಸಾಗಿಸುವುದಷ್ಟೇ ಗೊತ್ತಿತ್ತು. ಸಾಗಿಸುವ ಸಾಮಾನಿಗೆ ಅವನು ಜೀವಮಾನವಿಡೀ ಟಿಕೇಟು ತೆಗೆಸಿದವನು.

17ನೇ ತಾರೀಖು, ಶನಿವಾರ, ಮಧ್ಯಾಹ್ನ 2 ಗಂಟೆಗೆ ಜೀಪು ಪಾಳಾ ಮುಟ್ಟಿತು. ಟಾಯರಿನವನು ಯಾರ ಮನೆಗೆ ಬಂದಿದ್ದನೆಂದು ಕೇಳಿದಾಗ ಊರವರು ಒಕ್ಕಲುತನದ ಶಿವವ್ವ ಎಂಬವಳ ಮನೆ ತೋರಿಸಿದರು. ಅವಳ ಗಾಡಿಗೆ ದಾವಲಸಾಬ ಇಪ್ಪತ್ತು ವರ್ಷದಿಂದ ಗಾಲಿ ಕೂರಿಸಿಕೊಡುತ್ತಿದ್ದ. ಪೊಲೀಸರನ್ನು ಕಂಡು ಅವಳು ಹೆದರಲಿಲ್ಲ, ಬದಲು ದೂರು ಹೇಳಲು ಜನ ಸಿಕ್ಕರೆಂದು ಖುಷಿಪಟ್ಟಳು.

“ಲಗೂನ ಒಯ್ರಿ ಯಪ್ಪಾ! ಬಿಸಿಲು ಬೀಳಬಾರದಂತ, ಎಣ್ಣಿ ತಾಗಬಾರದಂತ, ದಿನಾ ಒಮ್ಮಿ ಹೊಳ್ಳಿಸಿ ನಿಂದರಸಬೇಕಂತ. ನನ್ನ ಸೊಸಿ ಬಾಣಂತನದಾಗೂ ನಾ ಇಷ್ಟು ಮಾಡಿಲ್ರಿ.”

“ಯಾವಾಗ ಒಯ್ತೇನಂದಾನ?”

“ಸೋಮವಾರ ಬಂದು ಮಾಲಕರಿಗೆ ಮುಟ್ಟಸ್ತೇನಿ ಅಂದಾನ್ರಿ. ಸಾಬಣ್ಣ ಒಳ್ಳೇ ಮನಶ್ಯಾರಿ. ಯಾಕ, ಏನಾತು?”

ಭತ್ತದ ಕಣಜದ ಪಕ್ಕ, ಗೋಣಿ ಹೊದ್ದು, ನಾಲ್ಕೂ ಟಾಯರು ಗೋಡೆಗೆ ಆನಿಕೊಂಡು ನಿಂತಿದ್ದವು. ಒಂದು ಗೀರಿರಲಿಲ್ಲ. ಸೋಮವಾರವೆಂದರೆ ಪಂದ್ಯದ ಮರುದಿನ. ಕುಡುಗೋಲು ಹಚ್ಚಿದ್ದರೆ ಒಂದು ಗಳಿಗೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈ ಮನುಷ್ಯ ಇಷ್ಟು ದೂರ ಬಂದಿದ್ದ. ಚನಬಸಪ್ಪ ಗೋಣಿಯನ್ನು ಮತ್ತೆ ಹೊದಿಸಿದ. ತಿರುಗಿ ಕೊಡುವ ಮನಸ್ಸಿದ್ದರೂ ಕಾನೂನಿನ ಕಣ್ಣಿಗೆ ಕಳವು ಕಳವೇ. ಶಿವವ್ವನ ಹೇಳಿಕೆ ಬರೆದುಕೊಂಡು, ಜಪ್ತಿ ಪಂಚನಾಮೆ ಮುಗಿಸಿದಾಗ 3.50.

ಸಂಜೆ 6.30ಕ್ಕೆ ದಾವಲಸಾಬನನ್ನು ಅಂಗಡಿಯಲ್ಲೇ ಬಂಧಿಸಿದರು. ಜೀಪಿನ ಹಿಂದುಗಡೆ ಟಾಯರು ಕಂಡದ್ದೇ ಅವನು ಕೇಳಿದ್ದು ಒಂದೇ ಪ್ರಶ್ನೆ. “ಇವತ್ತ ಸಿಕ್ಕುವೇನ್ರಿ?” ಒಂದು ದಿನ ತಡವಾಗಿ ಸಿಗಬಾರದಿತ್ತೇ ಎಂಬುದು ಅವನ ದನಿಯಲ್ಲೇ ಇತ್ತು.

ಠಾಣೆಯಲ್ಲಿ ಈಶಪ್ಪ ಆಗಲೇ ಕಾಯುತ್ತಿದ್ದ. ಸುದ್ದಿ ಜೀಪಿಗಿಂತ ಮುಂಚೆ ಬಂದಿತ್ತು.

“ಕೊಡ್ರಿ ಸಾಹೇಬ್ರ, ಎರಡು ತಾಸಿನ್ಯಾಗ ಹಾಕಿಸ್ತೇನಿ. ಮುಂಜಾನೆ ಆರಕ್ಕ ಹುಬ್ಬಳ್ಯಾಗ ಇರಬೇಕು.”

ಹೊರಗೆ ಮಳೆ ಹಿಡಿದಿತ್ತು. ಲಾಕಪ್ಪಿನ ಸರಳು ಹಿಡಿದು ದಾವಲಸಾಬ ಚನಬಸಪ್ಪನ ಮುಖವನ್ನೇ ನೋಡುತ್ತಿದ್ದ.

“ಬರೂದಿಲ್ಲ ಈಶಪ್ಪನವರ. ಇದು ಈಗ ಮುದ್ದೆಮಾಲು, ಕೇಸಿನ ಪುರಾವೆ. ಕೋರ್ಟಿನ ಹುಕುಂ ಇಲ್ಲದ ಬಿಡಾಕ ಬರೂದಿಲ್ಲ. ಸೋಮವಾರ ಅರ್ಜಿ ಕೊಡ್ರಿ.”

“ಸೋಮವಾರ ತಗೊಂಡು ಏನ ಮಾಡ್ಲಿ? ನನ್ನ ಮಾಲು ನನಗ ಕೊಡಾಕ ಏನಾಗೇತಿ?”

“ಕಾಯ್ದೆ ಐತಿ.”

ಈಶಪ್ಪ ಮೇಲಿನವರ ಹೆಸರು ಹೇಳಿದ, ಬೇಡಿಕೊಂಡ, ಕಡೆಗೆ ಬೈಯುತ್ತ ಹೋದ. ಹಿಂದಿನ ತಿಂಗಳು ಕಳುವಾದ ಮಾಸ್ತರರ ಸೈಕಲ್ಲನ್ನು ಒಂದು ಮುಚ್ಚಳಿಕೆ ಬರೆಸಿಕೊಂಡು ಅದೇ ಸಂಜೆ ಬಿಟ್ಟುಕೊಟ್ಟದ್ದು ಅಡಿವೆಯ್ಯನಿಗೆ ನೆನಪಿತ್ತು. ಅವನು ಬಾಯಿ ತೆರೆದ, ಸಾಹೇಬರ ಮುಖ ನೋಡಿ ಮುದ್ದೆಮಾಲಿನ ಕೋಣೆಗೆ ಕೀಲಿ ಹಾಕಲು ಎದ್ದು ಹೋದ.

ಆಮೇಲೆ ದಾವಲಸಾಬ ಹೇಳಿಕೆ ಬರೆಸಿದ. ಆರು ವರ್ಷದ ಹಿಂದೆ, ಇಂಥದೇ ಮಳೆಯಲ್ಲಿ, ಒಬ್ಬ ನಾಟಾ ಲಾರಿಯ ಮಾಲಕ ಮುಂದಿನ ಗಾಲಿಗೆ ಸವೆದ ಟಾಯರು ಹಾಕೆಂದಿದ್ದ. “ಬ್ಯಾಡ್ರಿ ಅಂದೆ. ಹಾಕು ಅಂದ್ರು. ಹಾಕಿದೆ.” ಆ ಲಾರಿಯ ಡ್ರೈವರು ಗಂಗಾರಾಮ, ದಾವಲಸಾಬನ ಜೊತೆ ಆಡಿ ಬೆಳೆದವನು, ಪಾವ್ಲುವಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನು. ಅಣಶಿ ಘಟ್ಟದಲ್ಲಿ ಲಾರಿ ಕೆಳಗೆ ಹೋಯಿತು. “ಮೂರು ದಿನಕ್ಕ ಸಿಕ್ಕ. ಗಾಲಿ ನೋಡಾಕ ನನ್ನನ್ನ ಇಳಿಸಿದ್ರು. ನಾ ಬಿಗಿದ ನಟ್ಟು ಒಂದೂ ಸಡ್ಲಾಗಿರಲಿಲ್ರಿ.”

“ಈಶಪ್ಪಗ ಹಾಕೂದಿಲ್ಲ ಅನ್ನಬೇಕಿತ್ತು.”

“ನಾ ಒಲ್ಲೆ ಅಂದ್ರ ಹುಬ್ಬಳ್ಯಾಗ ಹಾಕಿಸ್ತಿದ್ರು.”

ಭಾನುವಾರ ಇಡೀ ದಿನ ಮಳೆ ನಿಲ್ಲಲಿಲ್ಲ. ಲಾಕಪ್ಪಿನಲ್ಲಿ ದಾವಲಸಾಬ ಊಟ ಮುಟ್ಟಲಿಲ್ಲ. ಚನಬಸಪ್ಪ ರಜೆಯಿದ್ದರೂ ಬಂದು, ಮಾಡಲು ಕೆಲಸವಿಲ್ಲದೆ ಹಳೆಯ ಕಡತಗಳನ್ನು ತಿರುವಿಹಾಕಿದ. ಸಂಜೆ 5.45ಕ್ಕೆ ಕಾರವಾರದಿಂದ ಫೋನು ಬಂತು. ಪಾವ್ಲು ಒದರುತ್ತಿದ್ದ. ಹಳೆಯ ಟಾಯರಿನ ಮೇಲೆ ಒಂಬತ್ತನೆಯವರಾಗಿ ಮುಟ್ಟಿದ್ದರು. ಫೋಟೋ ಇಲ್ಲ, ಏನಿಲ್ಲ. ಮಾಲಕರು ಯಾರ ಜೊತೆಗೂ ಮಾತಾಡುತ್ತಿಲ್ಲ.

“ಘಟ್ಟದಾಗ?” ಎಂದು ಚನಬಸಪ್ಪ ಕೇಳಿದ.

ಪಾವ್ಲುವಿನ ದನಿ ತಗ್ಗಿತು. “ಒಂದು ಕಡೆ ಕಾರು ಮೊಳ ಜಾರಿತ್ರಿ. ನಾ ಕಣ್ಣು ಮುಚ್ಚಿದೆ. ಆಮ್ಯಾಲೆ ಗಾಲಿ ನೆಲ ಹಿಡೀತು.” ಆಮೇಲೆ, “ದಾವಲಸಾಬ ಚಾಚಾಗ ನಾ ಜಾಮೀನು ಆಗ್ತೇನ್ರಿ, ನಾಳೆ ಬರ್ತೇನಿ” ಎಂದ.

ಚನಬಸಪ್ಪ ಲಾಕಪ್ಪಿನ ಹತ್ತಿರ ಹೋಗಿ ಕೇಳಿದ್ದನ್ನೆಲ್ಲ ಹೇಳಿದ. ದಾವಲಸಾಬ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕೂತ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಕದಿಯೂಕಿಂತ ಮದಲ ನೀ ನನ್ನ ಹತ್ರ ಬರಬೇಕಿತ್ತು” ಎಂದ ಚನಬಸಪ್ಪ.

“ಬಂದಿದ್ದರ ಏನ ಮಾಡ್ತಿದ್ರಿ ಸಾಹೇಬ್ರ?”

ಚನಬಸಪ್ಪ ಯೋಚಿಸಿದ. ತಪ್ಪು ಟಾಯರು ಆರಿಸಿದವನ ಮೇಲೆ ಹಾಕಲು ಅವನ ಪುಸ್ತಕದಲ್ಲಿ ಯಾವ ಕಲಮೂ ಇರಲಿಲ್ಲ. ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ.

“ಮನೀಗೆ ಹೋಗು ಅಂತಿದ್ದೆ” ಎಂದ.