ಉಸಿರು ಹಿಡೀರಿ, ಕೇತನ

ಮಿರಜಿನ ಆಸ್ಪತ್ರೆಯ ಎಂಆರ್‌ಐ ವಿಭಾಗದಲ್ಲಿ ಆ ದಿನದ ಪಟ್ಟಿ ಓದಿದ ಟೆಕ್ನೀಷಿಯನ್ ವೃಷಾಲಿಗೆ ಮೈಯೆಲ್ಲ ಉರಿಯಿತು. ಕೇತನ, ಊರು ಸಲಗರೆ. ಎರಡು ವರ್ಷದ ಹಿಂದೆ ಅವಳನ್ನು ನೋಡಲು ಬಂದು, ಒಂದು ತಾಸು ನಗುನಗುತ್ತ ಮಾತಾಡಿ, ಮೂರನೇ ದಿನ 'ಬ್ಯಾಡ' ಎಂದು ಹೇಳಿಕಳಿಸಿದ್ದ ದ್ರಾಕ್ಷಿ ತೋಟದ ಹುಡುಗ.

ಒಳಗೆ ಬಂದವನು ಅವಳನ್ನು ಕಂಡು ತಡವರಿಸಿದ. "ನೀವು... ಇಲ್ಲೇ ಇರ್ತೀರೇನ್ರಿ?"

"ಮಲ್ಕೋರಿ" ಎಂದಳು ಗಂಭೀರವಾಗಿ. ಅವನ ಎದೆಯ ಮೇಲೆ ರೊಟ್ಟಿಯಗಲದ ಪ್ಯಾಡ್ ಇಟ್ಟಳು. "ಇದು ಸಣ್ಣಗ ನಡಗ್ತದ. ಆ ಅಲೆ ಹೃದಯದಾಗ ಹೋಗೂದನ್ನ ಮಷೀನ್ ಹಿಡೀತದ. ಸ್ನಾಯು ಬಿರುಸಿದ್ದಷ್ಟೂ, ಅಂದ್ರ ಗಟ್ಟಿಯಿದ್ದಷ್ಟೂ, ಅಲೆ ಜೋರ ಓಡ್ತದ. ಸೂಜಿಯಿಲ್ಲ, ನೋವಿಲ್ಲ."

"ನಮ್ಮಣ್ಣಗ ಇಂಥಾದ್ದು ಸಿಗಲಿಲ್ಲ."

ಪ್ಯಾಡಿನ ಪಟ್ಟಿ ಬಿಗಿಯುತ್ತಿದ್ದ ಅವಳ ಕೈ ನಿಂತಿತು. "ಏನಾಗಿತ್ತು?"

"ಹೃದಯದ ಸ್ನಾಯು ಬಿರುಸಾಗಿ ತೀರಿಕೊಂಡ. ಮೂವತ್ತೊಂದು ವಯಸ್ಸು. ಅದು ಮನೆತನದಾಗ ಬರಬಹುದು ಅಂತ, ನಿಮ್ಮನ್ನ ನೋಡಿ ಬಂದ ಮರುದಿನ ಡಾಕ್ಟರ್ ಹೇಳಿದ್ರು." ಅವನು ಅವಳ ಕಡೆ ನೋಡಲಿಲ್ಲ. "ಅಣ್ಣನ ಹೇಣ್ತಿ, ನಮ್ಮ ವೈನಿ, ಅಳೂದು ದಿನಾ ಕೇಳ್ತಿದ್ದೆ. ನಿಮ್ಮನ್ನ ಹಂಗ ಅಳಸಾಕ ಮನಸ್ಸಾಗಲಿಲ್ಲ."

ವೃಷಾಲಿ ಗಾಜಿನಾಚೆಯ ಕೋಣೆಗೆ ಹೋದಳು. ಕಣ್ಣೊರೆಸಿಕೊಂಡು ಮೈಕ್ ಒತ್ತಿದಳು. "ಉಸಿರು ಹಿಡೀರಿ, ಕೇತನ."

ಪ್ಯಾಡ್ ಕಂಪಿಸಿತು. ಪರದೆಯ ಮೇಲೆ ಅವನ ಹೃದಯದೊಳಗೆ ಅಲೆಗಳು ಹರಿದವು. ಬಿರುಸು ಎಷ್ಟೆಂದು ಲೆಕ್ಕ ಹಾಕಿ ಹೇಳಬೇಕಾದವರು ಡಾಕ್ಟರು. ಅದಕ್ಕಿಂತ ಮೊದಲೇ ತನ್ನ ಮನಸ್ಸಿನ ಮಾತು ಹೇಳಿಬಿಡಬೇಕು ಎನ್ನಿಸಿತು ಅವಳಿಗೆ.

"ರಿಪೋರ್ಟ್ ಏನಾರ ಬರಲಿ," ಎಂದಳು ಮೈಕಿನಲ್ಲಿ, "ನಾ ನಿಮ್ಮನ್ನ ಮದುವಿ ಆಗಾಕ ತಯಾರ ಅದೇನಿ."

ಆ ಸಲದ ಸ್ಕ್ಯಾನ್ ಚಿತ್ರ ಪೂರ್ತಿ ಕೆಟ್ಟಿತು. ಅವನು ಉಸಿರು ಬಿಟ್ಟು ನಗುತ್ತಿದ್ದ.

"ಅಲಗಾಡಬ್ಯಾಡ್ರಿ! ಮತ್ತ ತಗೀಬೇಕಾತು."

ಮಧ್ಯಾಹ್ನ ಡಾಕ್ಟರು ಹೇಳಿದರು: ಸ್ನಾಯು ತುಸು ಬಿರುಸಾಗಿದೆ. ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು. ಗುಳಿಗೆ ತಪ್ಪಿಸಬಾರದು, ವರ್ಷಕ್ಕೊಮ್ಮೆ ಪರೀಕ್ಷೆ.

ಬಸ್ ಸ್ಟ್ಯಾಂಡಿನವರೆಗೆ ಅವಳೂ ಬಂದಳು. ಅವನ ನಗು ಮಾಯವಾಗಿತ್ತು.

"ಕೇಳಿದ್ರಲ್ಲ? ಈಗರ ಚೊಲೋತ್ನಾಗಿ ವಿಚಾರ ಮಾಡ್ರಿ."

"ಎರಡು ವರ್ಷ ಮಾಡೇನಿ." ಅವಳು ಅವನೆದುರು ಬಂದು ನಿಂತಳು. "ಈ ಸಲ ಬ್ಯಾಡ ಅನ್ನೂದಿದ್ರ ಮಂದಿ ಕೈಯಾಗ ಹೇಳಿಕಳಸಬ್ಯಾಡ್ರಿ. ನನ್ನ ಮಾರಿ ನೋಡಿ ಹೇಳ್ರಿ."

ನೋಡಿದ. ಬೆವರಿನಲ್ಲಿ ಹಣೆಗಂಟಿದ ಕೂದಲು, ಅಳುಕದ ಕಣ್ಣು, ನಗು ತಡೆಯಲು ಕಚ್ಚಿಕೊಂಡ ತುಟಿ. ಬ್ಯಾಡ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ.

"ಐತವಾರ ಅಪ್ಪನ್ನ ಕರಕೊಂಡ ನಿಮ್ಮ ಮನಿಗೆ ಬರ್ತೇನಿ" ಎಂದ.

ಸಲಗರೆ ಬಸ್ಸು ಬಂತು, ತುಂಬಿತು, ಹೊರಟೇಹೋಯಿತು. ಇಬ್ಬರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.